‘ದಾಮೆಲೊ’ ಸರಿ, ‘ನೊ ದಾಮೆಲೊ’ ಯಾಕೆ ತಪ್ಪು?

ನಿಮ್ಮ ಪ್ರಶ್ನೆ ಇಷ್ಟು: ಸ್ಪ್ಯಾನಿಷ್‌ನಲ್ಲಿ ‘ಅದನ್ನು ನನಗೆ ಕೊಡು’ ಅನ್ನೋದಕ್ಕೆ ‘ದಾಮೆಲೊ’ ಅನ್ನುತ್ತಾರೆ. ಹಾಗಾದರೆ ‘ಕೊಡಬೇಡ’ ಅನ್ನೋಕೆ ಮುಂದೆ ಒಂದು ‘ನೊ’ ಹಾಕಿದರೆ ಸಾಲದೇ? ಸಾಲದು. ‘ನೊ ಮೆ ಲೊ ದೇಸ್’ ಅನ್ನಬೇಕು. ಕಲಿಯೋಕೆ ಶುರು ಮಾಡಿದಾಗ ನಾನೂ ಇಲ್ಲೇ ತಿಂಗಳುಗಟ್ಟಲೆ ನಿಂತಿದ್ದೆ. ಆದರೆ ಕನ್ನಡದವರಿಗೆ ಇದರಲ್ಲಿ ಅರ್ಧ ಕೆಲಸ ಆಗಲೇ ಆಗಿದೆ. (ಸ್ಪ್ಯಾನಿಷ್ ಪದಗಳಲ್ಲಿ ನಾನು ದೀರ್ಘ ಬರೆದ ಕಡೆ ಒತ್ತು ಕೊಟ್ಟು ಓದಿ.)

ಮೊದಲು ‘ಬೇಡ’ ಅನ್ನುವ ವಾಕ್ಯ ತಗೊಳ್ಳಿ. ನೊ ಮೆ ಲೊ ದೇಸ್. ‘ಮೆ’ ಅಂದರೆ ನನಗೆ, ‘ಲೊ’ ಅಂದರೆ ಅದನ್ನು, ‘ದೇಸ್’ ಕೊಡುವ ಕ್ರಿಯಾಪದ. ‘ನನಗೆ ಅದನ್ನು ಕೊಡಬೇಡ.’ ನಮ್ಮದೇ ಸಾಲು ಅಲ್ವಾ? ಯಾರಿಗೆ ಅನ್ನೋದು ಮೊದಲು, ಏನನ್ನು ಅನ್ನೋದು ಆಮೇಲೆ, ಕ್ರಿಯಾಪದ ಕೊನೆಗೆ. ‘ಬೇಡ’ವನ್ನು ನಾವು ಬಾಲಕ್ಕೆ ಇಡುತ್ತೇವೆ, ಅವರು ತಲೆಗೆ ಇಡುತ್ತಾರೆ, ಅಷ್ಟೇ.

ಹೊಸದಾಗಿ ಕಲಿಯಬೇಕಾದ್ದು ‘ಕೊಡು’, ‘ಮಾಡು’ ಅನ್ನುವಾಗ. ಅಲ್ಲಿ ಕ್ರಿಯಾಪದ ಮುಂದೆ ಬರುತ್ತದೆ, ಉಳಿದವು ಅದಕ್ಕೆ ಅಂಟಿಕೊಂಡು ಒಂದೇ ಪದ ಆಗುತ್ತವೆ. ದಾ, ದಾಮೆ, ದಾಮೆಲೊ. ಮೆ ಮತ್ತು ಲೊ ಮಾತ್ರ ತಮ್ಮ ಸರದಿ ಬಿಡುವುದಿಲ್ಲ. ‘ದಾಲೊಮೆ’ ಅಂತ ಯಾವತ್ತೂ ಆಗದು.

ಜೊತೆಗೆ ಕ್ರಿಯಾಪದದ ರೂಪವೂ ಬದಲಾಗುತ್ತದೆ. ‘ಕೋಂಪ್ರಲೊ’ ಅಂದರೆ ಅದನ್ನು ಕೊಂಡುಕೋ. ಬೇಡ ಅಂದರೆ ‘ನೊ ಲೊ ಕೋಂಪ್ರೆಸ್’. ‘ಕೋಮೆಲೊ’ ಅಂದರೆ ಅದನ್ನು ತಿನ್ನು. ಬೇಡ ಅಂದರೆ ‘ನೊ ಲೊ ಕೋಮಸ್’. ‘ಅ’ ಇದ್ದದ್ದು ‘ಎ’ ಆಯಿತು, ‘ಎ’ ಇದ್ದದ್ದು ‘ಅ’ ಆಯಿತು, ಕೊನೆಗೊಂದು ‘ಸ್’ ಬಂತು. ದೀ (ಹೇಳು), ಪೋನ್ (ಇಡು), ವೇನ್ (ಬಾ) ಥರದ 8 ಗಿಡ್ಡ ರೂಪಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವನ್ನು ಬಾಯಿಪಾಠ ಮಾಡಿಬಿಡಿ.

ಈಗ ಕನ್ನಡದವರು ನಿಜವಾಗಿ ಎಡವುವ ಜಾಗ. ವೇಲೆನ್ಸಿಯಾದಲ್ಲಿ ನಾನಿದ್ದ ಮನೆಯ ಒಡತಿ ಒಂದು ದಿನ ಬಾಗಿಲಲ್ಲಿ ಬೀಗದ ಕೈ ಗೊಂಚಲು ಹಿಡಿದು ನಿಂತಿದ್ದರು. ನಾನು ಕೈ ಚಾಚಿ ಬರೀ ‘ದಾ’ ಅಂದೆ. ಅವರು ಹುಬ್ಬೇರಿಸಿ ನನ್ನ ಮುಖ ನೋಡಿದರು. ನಮ್ಮಲ್ಲಿ ವಸ್ತು ಕಣ್ಣೆದುರಿಗೆ ಇದ್ದರೆ ‘ಕೊಡು’ ಅಂದರೆ ಸಾಕು, ‘ಅದನ್ನು’ ಅಂತ ಯಾರು ಹೇಳುತ್ತಾರೆ? ಸ್ಪ್ಯಾನಿಷ್‌ನಲ್ಲಿ ಅದನ್ನು ಬಿಟ್ಟರೆ ವಾಕ್ಯ ಅರ್ಧಕ್ಕೆ ನಿಂತ ಹಾಗೆ. ಅವರು ಬೀಗದ ಕೈಗಳನ್ನು ಅಲ್ಲಾಡಿಸಿ ನಿಧಾನವಾಗಿ ‘ದಾಮೆಲಸ್’ ಅಂದರು. ನಾನೂ ಹಾಗೇ ಅಂದೆ, ಗೊಂಚಲು ಕೈಗೆ ಬಂತು. ‘ಲೊ’ ಅಲ್ಲ, ‘ಲಸ್’. ಯಾಕೆಂದರೆ ಅವರ ಭಾಷೆಯಲ್ಲಿ ಬೀಗದ ಕೈ ಹೆಣ್ಣು, ಮೇಲಾಗಿ ಅಲ್ಲಿ ಒಂದಕ್ಕಿಂತ ಜಾಸ್ತಿ ಇದ್ದವು. ಪುಸ್ತಕ ಆಗಿದ್ದರೆ ದಾಮೆಲೊ, ಒಂದೇ ಬೀಗದ ಕೈ ಆಗಿದ್ದರೆ ದಾಮೆಲ. ನಮಗೆ ವಸ್ತು ಯಾವುದಾದರೂ ‘ಅದು’ ಅಂದರೆ ಆಯಿತು, ಹಾಗಾಗಿ ಇದಕ್ಕೆ ಅಭ್ಯಾಸವೇ ಬೇಕು. ಪದ ಕಲಿಯುವಾಗಲೇ ಲಿಂಗವನ್ನೂ ಸೇರಿಸಿ ಕಲಿಯಿರಿ.

‘ಅವಳಿಗೆ’ ಬಂದಾಗ ಇನ್ನೊಂದು ತಿರುವು ಇದೆ. ‘ಅವಳಿಗೆ ಹೇಳು’ ಅಂದರೆ ದೀಲೆ. ‘ಅದನ್ನು ಅವಳಿಗೆ ಹೇಳು’ ಅಂದರೆ ‘ದೀಲೆಲೊ’ ಅಲ್ಲ, ದೀಸೆಲೊ. ‘ಲೆ’ ಪಕ್ಕ ಲೊ, ಲ, ಲೊಸ್, ಲಸ್ ಯಾವುದು ಬಂದರೂ ‘ಲೆ’ ಹೋಗಿ ‘ಸೆ’ ಆಗುತ್ತದೆ. ಬೇಡ ಅನ್ನುವಾಗಲೂ ಅಷ್ಟೇ: ನೊ ಸೆ ಲೊ ದೀಗಸ್. ಈ ‘ಸೆ’ ಅವನಿಗೆ, ಅವಳಿಗೆ, ಅವರಿಗೆ ಎಲ್ಲಕ್ಕೂ ಒಂದೇ. ಅದಕ್ಕೇ ಯಾರಿಗೆ ಅಂತ ಹಿಂದೆಯೇ ಸೇರಿಸುವುದುಂಟು: ‘ದೀಸೆಲೊ ಆ ತು ಮಾದ್ರೆ’, ಅಂದರೆ ಅದನ್ನು ನಿನ್ನ ಅಮ್ಮನಿಗೆ ಹೇಳು.

ಬರೆಯುವಾಗ ಒತ್ತಿನ ಗೆರೆ, ಅಂದರೆ ಒತ್ತು ಬೀಳುವ ಸ್ವರದ ತಲೆ ಮೇಲೆ ಹಾಕುವ ಓರೆ ಗೆರೆ (dámelo ಪದದ á ನೋಡಿ), ಮರೆಯಬೇಡಿ. ಸ್ವರದಲ್ಲಿ ಮುಗಿಯುವ ಪದಕ್ಕೆ ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೇ ಉಚ್ಚಾರಾಂಶದ ಮೇಲೆ. ‘ದಾಮೆ’ ಹಾಗೇ ಇದೆ, ಗೆರೆ ಬೇಡ. ‘ದಾಮೆಲೊ’ ಆದಾಗ ಬಾಲ ಉದ್ದ ಆಯಿತು, ಒತ್ತು ಮಾತ್ರ ‘ದಾ’ ಮೇಲೇ ಉಳಿಯಿತು. ಅದನ್ನು ತೋರಿಸೋಕೆ ಆ ಗೆರೆ. ಇದು ಸುಮ್ನೆ ಅಲಂಕಾರ ಅಲ್ಲ. ಅರ್ಜೆಂಟೀನಾದಲ್ಲಿ ‘ನೀನು’ ಅನ್ನೋಕೆ ‘ತು’ ಬದಲು ‘ವೋಸ್’ ಬಳಸುತ್ತಾರೆ. ಅಲ್ಲಿ ‘ಕೊಂಡುಕೋ’ ಅನ್ನೋದು ‘ಕೊಂಪ್ರಾ’. ಹಾಗಾಗಿ ‘ಅದನ್ನು ಕೊಂಡುಕೋ’ ಅವರ ಬಾಯಲ್ಲಿ ‘ಕೊಂಪ್ರಾಲೊ’, ಗೆರೆ ಇಲ್ಲ. ಮ್ಯಾಡ್ರಿಡ್‌ನಲ್ಲಿ ‘ಕೋಂಪ್ರಲೊ’, ಗೆರೆ ಉಂಟು. ಅಕ್ಷರಗಳು ಅವೇ, ಗೆರೆ ನೋಡಿಯೇ ಹೇಗೆ ಓದಬೇಕು ಅಂತ ಗೊತ್ತಾಗುವುದು.

ಈಗ ನೀವೇ ಎರಡು ಮಾಡಿ. ‘ಬೀಗದ ಕೈಯನ್ನು ಅವನಿಗೆ ಕೊಡು’ ಮತ್ತು ‘ಕೊಡಬೇಡ’, ‘ಬೀಗದ ಕೈ’ ಬದಲು ‘ಲ’ ಬಳಸಿ. ದಾಸೆಲ, ನೊ ಸೆ ಲ ದೇಸ್ ಅಂತ ಬಂತಾ? ಬರದಿದ್ದರೆ ಎಲ್ಲಿ ಸಿಕ್ಕಿಕೊಂಡಿತು ಅಂತ ಕೆಳಗೆ ಬರೆಯಿರಿ, ಅಲ್ಲಿಂದ ಬಿಡಿಸೋಣ.