ಧ್ವನಿಪೆಟ್ಟಿಗೆ: ಮೊದಲು ಸೋಫಾ ಸರಿಸಿ, ಆಮೇಲೆ ಡ್ರಿಲ್ ಹಿಡಿಯಿರಿ

ಪ್ರಶ್ನೆ: ನಮ್ಮ ಹಾಲ್ 11 ಅಡಿ ಅಗಲ, 16 ಅಡಿ ಉದ್ದ. ಮೂರು ಜನ ಕೂರುವ ಸೋಫಾ ಹಿಂದಿನ ಗೋಡೆಗೆ ಒತ್ತಿಕೊಂಡಿದೆ. ಅದರ ಬಲಕ್ಕೇ ಬಾಲ್ಕನಿ ಬಾಗಿಲು. 5.1 ಸೆಟ್ (ಮುಂದೆ ಮೂರು ಸ್ಪೀಕರ್, ಪಕ್ಕಗಳಲ್ಲಿ ಎರಡು ಸರೌಂಡ್ ಸ್ಪೀಕರ್, ಬಾಸ್‌ಗೆಂದೇ ಒಂದು ಸಬ್‌ವೂಫರ್) ಹಾಕಿಸುವವರಿದ್ದೇವೆ. ಸರೌಂಡ್ ಸ್ಪೀಕರ್ ಎರಡನ್ನೂ ಹಿಂದಿನ ಮೂಲೆಗಳಲ್ಲಿ ಚಾವಣಿ ಹತ್ತಿರ ಸಿಕ್ಕಿಸಿಬಿಡೋಣ, ಯಾರ ತಲೆಗೂ ತಾಗುವುದಿಲ್ಲ ಎನ್ನುತ್ತಾನೆ ಮಗ. ಸರಿಯೇ? ಎಂಥ ಸ್ಪೀಕರ್ ಕೊಳ್ಳಬೇಕು?

ಉತ್ತರ: ತಲೆಗೆ ತಾಗುವುದಿಲ್ಲ, ನಿಜ. ಕಿವಿಗೂ ತಾಗುವುದಿಲ್ಲ.

ನಿಮ್ಮ ಮಗನನ್ನು ಬೈಯುವ ಹಕ್ಕು ನನಗಿಲ್ಲ. ನನ್ನ ಮೊದಲ ಸೆಟ್ಟನ್ನು ನಾನೂ ಹಾಗೇ ಹಾಕಿದ್ದೆ. ಸಿನಿಮಾದಲ್ಲಿ ಮಳೆ ಶುರುವಾದ ಕೂಡಲೇ ನನ್ನ ಹೆಂಡತಿ ಮೇಲೆ ನೋಡಿ, "ಅಟ್ಟದಲ್ಲಿ ಇಲಿ ಸೇರಿಕೊಂಡಿದೆಯಾ?" ಅಂದಳು. ಮರುದಿನ ಬೆಳಿಗ್ಗೆಯೇ ಸ್ಕ್ರೂ ಬಿಚ್ಚಿದೆ. ಗೋಡೆಯ ತೂತುಗಳು ಮಾತ್ರ ಮುಂದಿನ ಬಣ್ಣ ಹೊಡೆಯುವವರೆಗೂ ನನ್ನನ್ನೇ ನೋಡುತ್ತಿದ್ದವು.

ಲೆಕ್ಕ ನೋಡಿ. ಕುಳಿತವರ ಕಿವಿ ನೆಲದಿಂದ ಸುಮಾರು ಮೂರಡಿ ಎತ್ತರದಲ್ಲಿರುತ್ತದೆ. ಸ್ಪೀಕರ್ ಎಂಟೂವರೆ ಅಡಿಯಲ್ಲಿದ್ದರೆ ಅದು ನಡುವೆ ಕೂತವರಿಂದ ಐದೂವರೆ ಅಡಿ ಪಕ್ಕಕ್ಕೆ, ಐದೂವರೆ ಅಡಿ ಮೇಲಕ್ಕೆ. ಅಂದರೆ 45 ಡಿಗ್ರಿ ಏರು. ತಲೆಯ ಮೇಲಿಂದಲೂ ಸದ್ದು ಬರಿಸುವ ಅಟ್ಮಾಸ್ ಸೆಟ್ ಮಾಡಿಸಿದವರು ಮೇಲಿನ ಸ್ಪೀಕರ್ ಇಡುವುದೇ ಅಂಥ ಕಡೆ. ಪಕ್ಕದಿಂದ ಬರಬೇಕಾದ ಸದ್ದು ಸೂರಿನಿಂದ ಸುರಿಯುತ್ತದೆ. ಜೊತೆಗೆ ಎರಡು ಗೋಡೆ, ಒಂದು ಚಾವಣಿ ಸೇರುವ ಸಂದಿಯಲ್ಲಿ ಸಣ್ಣ ಪೆಟ್ಟಿಗೆಯೂ ಕೊಡದಲ್ಲಿ ಮಾತಾಡಿದ ಹಾಗೆ ಗುಮ್ಮೆನ್ನುತ್ತದೆ.

ಹಾಗಾದರೆ ಎಲ್ಲಿ? ಟಿವಿ ನೋಡುತ್ತಾ ಕೂತಾಗ ಮೂಗಿನ ನೇರ ಸೊನ್ನೆ ಡಿಗ್ರಿ, ಕಿವಿಯ ನೇರ 90. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಸರೌಂಡ್ ಸ್ಪೀಕರ್‌ಗಳಿಗೆ 100ರಿಂದ 120 ಡಿಗ್ರಿ ಕೊಡುತ್ತದೆ. ಮನೆಯಲ್ಲಿ 90ರಿಂದ 120ರೊಳಗೆ ಎಲ್ಲಿದ್ದರೂ ನಾನು ತಕರಾರು ಮಾಡುವುದಿಲ್ಲ. ಕಿವಿಯ ಗೆರೆ ದಾಟಿ ಮುಂದೆ ಬಂದರೆ ಮಾತ್ರ ಒಪ್ಪುವುದಿಲ್ಲ.

ನಿಮ್ಮಲ್ಲಿ ಅಡ್ಡಿಯಾಗಿರುವುದು ಸೋಫಾ. ಅದನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆಯಿರಿ. ಆಗ ಕಿವಿಗೂ ಹಿಂದಿನ ಗೋಡೆಗೂ ಸುಮಾರು ಎರಡೂವರೆ ಅಡಿ ಅಂತರ ಸಿಗುತ್ತದೆ. ಕಿವಿಯ ನೇರಕ್ಕಿಂತ ಒಂದಡಿ ಹಿಂದೆ, ಪಕ್ಕದ ಗೋಡೆಯಲ್ಲಿ ಸ್ಪೀಕರ್ ಹಾಕಿದರೆ ಸುಮಾರು 100 ಡಿಗ್ರಿ ಬರುತ್ತದೆ, ಮೂಲೆಯಿಂದಲೂ ಒಂದೂವರೆ ಅಡಿ ದೂರ ಉಳಿಯುತ್ತದೆ. ಗೋಡೆಗೆ ತಲೆ ಆನಿಸಿ ಕೂತಾಗ ಕೇಳುವ ಬಾಸ್‌ನ ಗುಡುಗೂ ಇಳಿಯುತ್ತದೆ. ಕಸ ಗುಡಿಸುವುದಕ್ಕೂ ಸುಲಭ ಎಂದು ಮನೆಯವರಿಗೆ ಹೇಳಿ. ನನಗೆ ಕೆಲಸಕ್ಕೆ ಬಂದ ವಾದ ಅದೊಂದೇ.

ಎತ್ತರ ನೆಲದಿಂದ ಐದಡಿ ಇರಲಿ, ಕಿವಿಗಿಂತ ಎರಡಡಿ ಮೇಲೆ. ಒಬ್ಬರೇ ನೋಡುವ ಕೋಣೆಯಾಗಿದ್ದರೆ ಇನ್ನೂ ಕೆಳಗಿಡಿ ಎನ್ನುತ್ತಿದ್ದೆ. ನೀವು ಮೂವರು. ದೂರ ಎರಡುಪಟ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ (ಇದು ಬಯಲಿನ ಲೆಕ್ಕ, ಕೋಣೆಯೊಳಗೆ ಸ್ವಲ್ಪ ಕಡಿಮೆ). ಸೋಫಾದ ತುದಿಯಲ್ಲಿ ಕೂತವರ ಕಿವಿಗೆ ಒಂದು ಸ್ಪೀಕರ್ ಎರಡೂವರೆ ಅಡಿ, ಇನ್ನೊಂದು ಎಂಟೂವರೆ ಅಡಿ. ಎತ್ತರಿಸಿದರೆ ಈ ತಾರತಮ್ಯ ಕೊಂಚ ತಗ್ಗುತ್ತದೆ, ಪಕ್ಕದವರ ತಲೆಯೂ ಅಡ್ಡ ಬರುವುದಿಲ್ಲ. ಸ್ಪೀಕರಿನ ಮುಖವನ್ನು ಹತ್ತಿರದವರ ಕಿವಿಗೆ ತಿರುಗಿಸಬೇಡಿ, ಆಚೆ ತುದಿಯವರ ಕಡೆಗೆ ತಿರುಗಿಸಿ.

ಬಾಗಿಲ ಕಡೆಗೆ ಸ್ಟ್ಯಾಂಡ್ ತನ್ನಿ, ಎಡಗಡೆಯ ಎತ್ತರಕ್ಕೇ ಹೊಂದಿಸಿ. ಒಂದು ನಾಲ್ಕಡಿ, ಇನ್ನೊಂದು ಆರಡಿ ದೂರವಾದರೂ ಗಾಬರಿ ಬೇಡ. ಸದ್ದು ಒಂದಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಟೇಪ್ ಹಿಡಿದು ಅಳೆದ ದೂರವನ್ನು ರಿಸೀವರ್‌ಗೆ (ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಪೆಟ್ಟಿಗೆ) ಕೊಟ್ಟರೆ ಆ ವಿಳಂಬವನ್ನು ಅದೇ ಸರಿದೂಗಿಸುತ್ತದೆ. ತಪ್ಪಿದ ಕೋನವನ್ನು ಮಾತ್ರ ಯಾವ ರಿಸೀವರೂ ತಿದ್ದಲಾರದು.

ಕೊಳ್ಳುವ ವಿಷಯ ಚಿಕ್ಕದು. ಮುಂದಿನ ಮೂರು ಸ್ಪೀಕರ್ ಯಾವ ಕಂಪನಿಯ ಯಾವ ಸರಣಿಯೋ, ಅದರದ್ದೇ ಸಣ್ಣ ಜೋಡಿ. ಎಡದಿಂದ ಹಿಂದಕ್ಕೆ ಹಾರುವ ಹೆಲಿಕಾಪ್ಟರ್ ನಡುದಾರಿಯಲ್ಲಿ ದನಿ ಬದಲಿಸಬಾರದಲ್ಲ! 80 ಹರ್ಟ್ಸ್‌ಗಿಂತ ಕೆಳಗಿನ ಬಾಸ್ ಸದ್ದನ್ನು ಸಬ್‌ವೂಫರ್‌ಗೆ ಕಳಿಸುವಾಗ ಐದಿಂಚಿನ ವೂಫರ್ ಧಾರಾಳ. ಗೋಡೆಗೆ ಹಾಕುವುದಾದರೆ ಗಾಳಿತೂತು ಬೆನ್ನಲ್ಲಿಲ್ಲದ್ದನ್ನು ಆರಿಸಿ.

ಪ್ರಶ್ನೆ: ಪರಿಚಿತರೊಬ್ಬರು ಹಳೆಯ ಡೈಪೋಲ್ ಸರೌಂಡ್ ಜೋಡಿ ಕೊಡುತ್ತಿದ್ದಾರೆ. ತೆಗೆದುಕೊಳ್ಳಲೇ?

ಉತ್ತರ: ಡೈಪೋಲ್ ಪೆಟ್ಟಿಗೆ ಕೋಣೆಯ ಮುಂದಕ್ಕೂ ಹಿಂದಕ್ಕೂ ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿ (ಒಂದು ಬದಿ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುವಂತೆ) ಸದ್ದು ಬಿಡುತ್ತದೆ, ಕೇಳುಗರಿಗೆ ಎದುರಾದ ಬದಿ ಹೆಚ್ಚುಕಡಿಮೆ ಮೌನ. ಸರೌಂಡ್ ಒಂದೇ ಚಾನೆಲ್ ಆಗಿದ್ದು, 7 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರಗಳಿಗೆ ಕತ್ತರಿ ಬೀಳುತ್ತಿದ್ದ ಕಾಲಕ್ಕೆ ಅದು ಜಾಣ ಉಪಾಯ. 5.1ರಲ್ಲಿ ಎರಡೂ ಸರೌಂಡ್ ಬೇರೆಬೇರೆ, ಪೂರ್ತಿ ಸ್ವರವ್ಯಾಪ್ತಿಯವು. ಬಾಗಿಲು ಎಡಕ್ಕೆ ಕಿರುಗುಟ್ಟಿದರೆ ಎಡಕ್ಕೇ ಕೇಳಬೇಕು ಅನ್ನುವವನು ನಾನು, ಬೇಡವೆನ್ನುತ್ತೇನೆ. ಕೋಣೆ ತೀರಾ ಕಿರಿದಾಗಿ ಸ್ಪೀಕರ್ ಕಿವಿಗೇ ಅಂಟಿದಂತಿದ್ದರೆ ಇಟ್ಟು ನೋಡಬಹುದು.

ಪ್ರಶ್ನೆ: ಸರೌಂಡ್ ಸ್ಪೀಕರ್‌ನಿಂದ ಸದ್ದೇ ಬರುತ್ತಿಲ್ಲ. ಕೆಟ್ಟಿದೆಯೇ?

ಉತ್ತರ: ರಿಸೀವರ್‌ನ ಟೆಸ್ಟ್ ಟೋನ್ ಹಾಕಿ. ಅದು ಕೇಳಿಸಿದರೆ ಸ್ಪೀಕರ್ ನೆಟ್ಟಗಿದೆ. ಆಮೇಲೆ ಟಿವಿಯ ಆಡಿಯೊ ಔಟ್‌ಪುಟ್ ನೋಡಿ. ಪಿಸಿಎಂ ಎಂದಿದ್ದರೆ ಎಷ್ಟೋ ಟಿವಿಗಳು ಎರಡೇ ಚಾನೆಲ್ ಕಳಿಸುತ್ತವೆ. ಅದೂ ಸರಿಯಿದ್ದರೆ, ಬಹುಶಃ ಆ ದೃಶ್ಯದಲ್ಲಿ ಇಬ್ಬರು ಕೂತು ಮಾತಾಡುತ್ತಿದ್ದಾರೆ, ಅಷ್ಟೇ. ಕೊಟ್ಟ ದುಡ್ಡು ಕೇಳಿಸಲಿ ಎಂದು ಸರೌಂಡ್ ವಾಲ್ಯೂಮ್ ಏರಿಸಬೇಡಿ. ನನ್ನ ಗೆಳೆಯನೊಬ್ಬ ಏರಿಸಿಟ್ಟಿದ್ದಾನೆ. ಅವನ ಮನೆಯಲ್ಲಿ ಸಿನಿಮಾ ನೋಡುವಾಗ ನಾವೆಲ್ಲ ಹಿಂದೆ ತಿರುಗಿ ಕೂರಬೇಕು.

ಪ್ರಶ್ನೆ: ವೈರ್‌ಲೆಸ್ ಸರೌಂಡ್ ಕೊಂಡರೆ ತಂತಿಯ ರಗಳೆ ತಪ್ಪುತ್ತದೆಯೇ?

ಉತ್ತರ: ಸ್ಪೀಕರ್ ತಂತಿಯದು ತಪ್ಪುತ್ತದೆ. ಆದರೆ ಒಳಗಿರುವ ಆಂಪ್ಲಿಫೈಯರ್‌ಗೆ ಸಾಮಾನ್ಯವಾಗಿ ಕರೆಂಟ್ ಬೇಕು. ಸೋಫಾದ ಎರಡೂ ಬದಿಗೆ ಪ್ಲಗ್ ಪಾಯಿಂಟ್ ಇದೆಯೇ, ಎದ್ದು ನೋಡಿ ಬನ್ನಿ.