ಬೇಕಲಕ್ಕೆ ಶೇರಿಂಗ್ ವ್ಯಾನ್ ಹಿಡಿಯುವ ಮೊದಲು ರೆಸಾರ್ಟ್ ಯಾವ ಪಂಚಾಯತಿನಲ್ಲಿ ಉಂಟು ನೋಡಿ

ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ, ಬೆಂಗಳೂರಿಂದ ಫ್ಲೈಟಲ್ಲಿ ಮಂಗಳೂರಿಗೆ ಬಂದು ಅಲ್ಲಿಂದ ಶೇರಿಂಗ್ ವ್ಯಾನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬೇಕಲದ ಬೀಚ್ ರೆಸಾರ್ಟಿಗೆ ಹೋಗ್ಬಹುದಾ, ಟ್ಯಾಕ್ಸಿ ದುಬಾರಿ, ಫ್ಲೈಟ್ ಇನ್ನೂ ಬುಕ್ ಮಾಡಿಲ್ಲ, ವ್ಯಾನಲ್ಲಿ ಲಗೇಜ್ ಎಷ್ಟು ಬಿಡ್ತಾರೆ ಅಂತ ಕೇಳಿದ್ದೀರಿ. ಓದ್ತಾ ಇದ್ದ ಹಾಗೇ ನನ್ನ ಅತ್ತೆಯ ಮುಖ ಕಣ್ಣೆದುರು ಬಂತು ಮಾರಾಯ್ರೆ. ಇದೇ ಲೆಕ್ಕಾಚಾರ ನಾನೂ ಹಾಕಿದ್ದೆ.

ನಾನು ಅದೇ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು, ಮದುವೆಯಾದದ್ದು ಮೈಸೂರಿನವರನ್ನು, ಈಗ ಎಲ್ಲರೂ ಇರುದು ಬೆಂಗಳೂರಲ್ಲಿ. ಮಾವ ರಿಟೈರ್ ಆದಾಗ ಎಲ್ಲಾದ್ರೂ ಸಮುದ್ರದ ಹತ್ತಿರ ಹೋಗಿ ಇರ್ಬೇಕು ಅಂದ್ರು, ಗೋವಾ ಬೇಡ, ಗಲಾಟೆ. ಆಗ ನಾನೇ ಮುಂದೆ ಬಿದ್ದು, ನಮ್ಮ ಊರಿಗೇ ಹೋಗುವ, ಬೇಕಲ ಉಂಟಲ್ಲ, ಎಲ್ಲ ನಾನು ನೋಡ್ಕೊಳ್ತೇನೆ ಅಂತ ಹೇಳಿದ್ದು. ತವರುಮನೆ ಇಷ್ಟು ಹತ್ತಿರ ಇಟ್ಕೊಂಡು ದುಡ್ಡು ಕೊಟ್ಟು ರೆಸಾರ್ಟಿಗೆ ಯಾಕೆ ಹೋಗುದು ಅಂತ ನನ್ನ ಅಮ್ಮನಿಗೆ ಕೋಪ ಬೇರೆ, ಅದೊಂದು ದೊಡ್ಡ ಕತೆ, ಬಿಡಿ.

ಈಗ ಸತ್ಯ ಹೇಳ್ತೇನೆ, ಪೆರ್ಲ ಬದಿಯಡ್ಕದ ಕಡೆಯವರಿಗೆ ಬೇಕಲ ಅಂದ್ರೆ ಶಾಲೆಯಿಂದ ಕೋಟೆ ನೋಡ್ಲಿಕ್ಕೆ ಕರ್ಕೊಂಡು ಹೋದದ್ದು, ಕೆಳದಿ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಮಾಸ್ಟ್ರು ಹೇಳಿದ್ದು, ಬುರುಜು ಹತ್ತಿ ಸಮುದ್ರ ನೋಡಿದ್ದು, ಅಷ್ಟೇ. ನಾವು ಗುಡ್ಡದ ಮೇಲಿನ ಅಡಿಕೆ ತೋಟದವರು. ಕರಾವಳಿಯ ಆ ರಸ್ತೆಯಲ್ಲಿ ಯಾವ ಊರಾದ ಮೇಲೆ ಯಾವ ಊರು ಅಂತ ನನಗೂ ಸರಿಯಾಗಿ ಗೊತ್ತಿರ್ಲಿಲ್ಲ. ಗೊತ್ತುಂಟು ಅಂತ ಅಂದುಕೊಂಡಿದ್ದೆ.

ಶೇರಿಂಗ್ ವ್ಯಾನ್ ಒಂದು ಟ್ರಾವೆಲ್ಸಿನವರದ್ದು. ಫೋನಲ್ಲಿ ಬುಕ್ಕಿಂಗ್, ಸೀಟಿಗೆ ಇಷ್ಟು ಅಂತ, ನಂತರ ವಾಟ್ಸಾಪಿಗೆ ಒಂದು ಫಾರ್ಮ್ ಬಂತು. ಹೆಸರು, ಫ್ಲೈಟ್ ನಂಬರ್, ಎಷ್ಟು ಜನ, ಇಳಿಯುವ ಜಾಗ. ಇಳಿಯುವ ಜಾಗದಲ್ಲಿ ನಾನು "ಬೇಕಲ" ಅಂತ ಬರ್ದು ಕಳಿಸಿದೆ. ಅಷ್ಟೇ ನಾನು ಮಾಡಿದ್ದು. ರೆಸಾರ್ಟಿನ ಹೆಸರಲ್ಲೇ ಬೇಕಲ ಉಂಟು, ವೆಬ್‌ಸೈಟಲ್ಲಿ ಬೇಕಲ ಅಂತ ಉಂಟು, ಮತ್ತೆ ಬೇರೆ ಎಂತ ಬರಿಯುದು?

ಮಂಗಳೂರಲ್ಲಿ ಇಳಿದಾಗ ಮಧ್ಯಾಹ್ನ. ಹೊರಗೆ ಬಂದ್ರೆ ವ್ಯಾನ್ ಉಂಟು, ಡ್ರೈವರ್ ಕೂಡ ಉಂಟು, ಆದ್ರೆ ಹೊರಡುದಿಲ್ಲ. ದುಬೈ ಫ್ಲೈಟಿನವರು ಬರ್ಬೇಕಂತೆ. ಇದನ್ನು ಯಾರೂ ಮೊದಲೇ ಹೇಳುದಿಲ್ಲ ನೋಡಿ. ಈ ಕಡೆ ಶೇರಿಂಗ್ ವ್ಯಾನ್ ತುಂಬುದೇ ಗಲ್ಫಿನಿಂದ ಬರುವ ಕಾಸರಗೋಡಿನವರಿಂದ. ಬೆಂಗಳೂರಿನ ಫ್ಲೈಟಲ್ಲಿ ಬಂದವರು ಹ್ಯಾಂಡ್ ಬ್ಯಾಗ್ ಹಿಡ್ಕೊಂಡು ಹತ್ತು ನಿಮಿಷದಲ್ಲಿ ಹೊರಗೆ, ಅವರಿಗೆ ಇಮಿಗ್ರೇಶನ್, ಕಸ್ಟಮ್ಸ್, ಹಗ್ಗ ಬಿಗಿದ ದೊಡ್ಡ ದೊಡ್ಡ ರಟ್ಟಿನ ಪೆಟ್ಟಿಗೆ, ಅದೆಲ್ಲ ಬೆಲ್ಟಲ್ಲಿ ಬರುವವರೆಗೆ ನಾವು ಏರ್‌ಪೋರ್ಟ್ ಇರುವ ಬಜಪೆಯ ಆ ಗುಡ್ಡದ ಮೇಲೆ ಬಿಸಿಲಲ್ಲಿ. ಅತ್ತೆಗೆ ಮೊಣಕಾಲು ನೋವು, ಕೂರ್ಲಿಕ್ಕೆ ಜಾಗ ಹುಡುಕಿದ್ದೇ ಒಂದು ಕೆಲಸ ಆಯ್ತು. ಪಾಪ ಆ ದುಬೈಯವರದ್ದೂ ತಪ್ಪಲ್ಲ, ಮಗುವನ್ನು ಹೆಗಲ ಮೇಲೆ ಮಲಗಿಸ್ಕೊಂಡೇ ಬಂದ್ರು, ವ್ಯಾನಲ್ಲಿ ಕೂತ ಕೂಡಲೇ ಅತ್ತೆಗೆ ಖರ್ಜೂರದ ಪೊಟ್ಟಣ ಕೊಟ್ರು.

ಆಗ ಹೈವೇ ಆರು ಲೇನ್ ಮಾಡುವ ಕೆಲಸ ನಡೀತಾ ಇದ್ದ ಸಮಯ. ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು, ತಲಪಾಡಿ, ಅಲ್ಲಿಂದ ಕೇರಳ ಶುರು, ಮಂಜೇಶ್ವರ, ಉಪ್ಪಳ, ಕುಂಬಳೆ. ನಕ್ಷೆಯಲ್ಲಿ ನೋಡಿದ್ರೆ ಗೆರೆ ಎಳೆದ ಹಾಗೆ ಸೀದಾ ಉಂಟು. ಆದ್ರೆ ಶೇರಿಂಗ್ ವ್ಯಾನ್ ಸೀದಾ ಹೋಗುದಿಲ್ಲ ಅಲ್ವಾ, ಒಬ್ಬರನ್ನು ಉಪ್ಪಳದಲ್ಲಿ ಇಳಿಸ್ಬೇಕು, ಅವರ ಮನೆ ಹೈವೇಯ ಆಚೆ ಬದಿ, ಸರ್ವಿಸ್ ರೋಡಿಗೆ ಇಳಿದು, ಅಂಡರ್‌ಪಾಸ್ ಹುಡುಕಿ, ಆಚೆ ಹೋಗಿ, ಪೆಟ್ಟಿಗೆ ಇಳಿಸಿ, ಮನೆಯವರೆಲ್ಲ ಬಂದು ಮಾತಾಡಿ, ಪುನಃ ಈಚೆ ಬಂದು. ಹೀಗೇ ಮೊಗ್ರಾಲಿನಲ್ಲಿ ಒಮ್ಮೆ. ರಸ್ತೆ ಈಗ ಕಾಸರಗೋಡು ದಾಟಿ ಚೆಂಗಳದವರೆಗೆ ಚೆನ್ನಾಗಿ ಆಗಿದೆ, ಹಾರಿಸ್ಕೊಂಡು ಹೋಗ್ಬಹುದು, ಆದ್ರೆ ಇಳಿಸುವ ರಗಳೆ ಇದ್ದೇ ಇರ್ತದೆ, ಯಾಕಂದ್ರೆ ಆರು ಲೇನಿನ ಮೇಲೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ.

ಈಗ ಮುಖ್ಯ ವಿಷಯ. ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಎರಡು ದಾರಿ. ಒಂದು ಹೈವೇ, ಅದು ಸಮುದ್ರ ಬಿಟ್ಟು ಒಳಗೆ ತಿರುಗಿ ಚೆರ್ಕಳ, ಚಟ್ಟಂಚಾಲ್, ಪೊಯಿನಾಚಿ, ಪೆರಿಯ ಅಂತ ಗುಡ್ಡದ ಮೇಲಿಂದಲೇ ಹೋಗ್ತದೆ. ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು, ಬೇಕಲ, ಹಾಗೇ ಕಾಞಂಗಾಡಿಗೆ. ರೆಸಾರ್ಟುಗಳೆಲ್ಲ ಈ ಎರಡನೇ ದಾರಿಯಲ್ಲಿ, ಸಮುದ್ರದ ಬದಿ. ನಮ್ಮ ವ್ಯಾನಲ್ಲಿ ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಗೆ ಹೋಗುವ ಒಬ್ಬ ಹುಡುಗ ಇದ್ದ. ಹಾಗಾಗಿ ಡ್ರೈವರ್ ಚೆರ್ಕಳದ ಮೇಲೆ ಹೋಗಿ, ಅವನನ್ನು ಪೆರಿಯದಲ್ಲಿ ಇಳಿಸಿ, ಒಳದಾರಿಯಲ್ಲಿ ಪಳ್ಳಿಕ್ಕೆರೆಗೆ ಇಳಿದು, ನಮ್ಮನ್ನು ಬೇಕಲಕ್ಕೆ ತಂದ. ಅಂದ್ರೆ ದಕ್ಷಿಣದಿಂದ ಬಂದದ್ದು. ಆಗ ಕತ್ತಲೆಯಾಗಿತ್ತು, ಮಳೆ ಕೂಡ ಶುರುವಾಗಿತ್ತು. ಕೋಟೆಗೆ ಹೋಗುವ ಜಂಕ್ಷನ್ನಲ್ಲಿ ವ್ಯಾನ್ ನಿಲ್ಲಿಸಿ, "ಅಕ್ಕ, ಬೇಕಲ" ಅಂದ.

ನಾನು ರೆಸಾರ್ಟಿನ ಹೆಸರು ಹೇಳಿದೆ. ಅವ ತಲೆ ಕೆರ್ಕೊಂಡು, "ಅದು ಇಲ್ಲಿ ಅಲ್ಲ ಅಕ್ಕ, ಉದುಮದ ಹತ್ರ, ಕಾಪ್ಪಿಲ್ ಬೀಚ್. ಚಂದ್ರಗಿರಿ ಮೇಲೆ ಬಂದಿದ್ರೆ ಇದಕ್ಕಿಂತ ಮೊದಲೇ ಸಿಗ್ತಿತ್ತು. ನೀವು ಬರ್ದದ್ದು ಬೇಕಲ" ಅಂದ. ಅಲ್ಲಿವರೆಗೆ ಬಿಡಪ್ಪಾ ಅಂತ ಕೇಳಿದ್ರೆ, ರಾತ್ರಿಯ ಪಿಕಪ್ ಉಂಟು, ಆಫೀಸಿಗೆ ಕೇಳ್ಬೇಕು. ಆಫೀಸಿನವರು ಫೋನ್ ಎತ್ತುದಿಲ್ಲ. ಅತ್ತೆ ಆಗ ಹೇಳಿದ್ದು ನಂಗೆ ಇವತ್ತಿಗೂ ಕಿವಿಯಲ್ಲಿ ಉಂಟು, "ನಮ್ಮೂರು ನಮ್ಮೂರು ಅಂತಿದ್ಯಲ್ಲಮ್ಮ, ಹೋಟ್ಲು ಎಲ್ಲಿದೆ ಅಂತ್ಲೂ ಗೊತ್ತಿಲ್ವಾ?" ಮಾವ ಎಂತದ್ದೂ ಮಾತಾಡ್ಲಿಲ್ಲ, ಕೊಡೆ ಬಿಡಿಸಿ ಲಗೇಜಿಗೆ ಹಿಡಿದ್ರು. ನನ್ನ ಗಂಡ ನನ್ನ ಮುಖ ನೋಡ್ಲೇ ಇಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನೀವೂ ನಿಮ್ಮ ಪ್ರಶ್ನೆಯಲ್ಲಿ ಬರೀ "ಬೇಕಲದ ರೆಸಾರ್ಟ್" ಅಂತಲೇ ಬರ್ದಿದ್ದೀರಿ. ಕೋಟೆ ಇರುವ ಬೇಕಲ ಒಂದು ಸಣ್ಣ ಊರು, ಪಳ್ಳಿಕ್ಕೆರೆ ಪಂಚಾಯತಿಗೆ ಸೇರಿದ್ದು. ಪ್ರವಾಸೋದ್ಯಮದವರ ಬೇಕಲ ಬೇರೆ. 1995ರಲ್ಲಿ ಕೇರಳ ಸರಕಾರ ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಅಂತ ಮಾಡಿತಲ್ಲ, ಅದರ ಲೆಕ್ಕದಲ್ಲಿ ಚೆಮ್ನಾಡು, ಉದುಮ, ಪಳ್ಳಿಕ್ಕೆರೆ, ಅಜಾನೂರು, ನಾಲ್ಕು ಪಂಚಾಯತು ಸೇರಿ ಬೇಕಲ. ಚೆಮ್ನಾಡು ಅಂದ್ರೆ ಚಂದ್ರಗಿರಿ ಹೊಳೆ ದಾಟಿದ ಕೂಡಲೇ ಸಿಗುದು, ಅಜಾನೂರು ಅಂದ್ರೆ ಕಾಞಂಗಾಡಿನ ಬಾಗಿಲು. ಇಷ್ಟುದ್ದದ ಕರಾವಳಿಯಲ್ಲಿ ಯಾವ ರೆಸಾರ್ಟ್ ಎಲ್ಲಿದ್ರೂ ಹೆಸರು ಬೇಕಲವೇ, ಇನ್ನೂ ದಕ್ಷಿಣಕ್ಕೆ ನೀಲೇಶ್ವರದ ಕಡೆ ಇರುವವರೂ ಜಾಹೀರಾತಿನಲ್ಲಿ ಬೇಕಲವನ್ನೇ ಎಳೀತಾರೆ. ನಮ್ಮದು ಕೋಟೆಗೆ ಐದಾರು ಕಿಲೋಮೀಟರ್ ಉತ್ತರಕ್ಕೆ. ಬುಕ್ಕಿಂಗ್ ಕನ್ಫರ್ಮೇಶನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪೂರ್ತಿ ವಿಳಾಸ ಇತ್ತು, ಉದುಮ ಅಂತ ಸ್ಪಷ್ಟ ಇತ್ತು, ನಾನು ಓದ್ಲಿಲ್ಲ. ಫಾರ್ಮಲ್ಲಿ "ಉದುಮ, ಕಾಪ್ಪಿಲ್" ಅಂತ ಇದ್ದಿದ್ರೆ ಡ್ರೈವರ್ ಮೊದಲು ನಮ್ಮನ್ನು ಚಂದ್ರಗಿರಿ ಮೇಲೆ ಬಿಟ್ಟು ಆಮೇಲೆ ಪೆರಿಯಕ್ಕೆ ಹೋಗ್ತಿದ್ದ, ಅದು ಅವನಿಗೂ ಸುಲಭದ ದಾರಿ. ಹಾಗಂತ ಅವನೇ ಹೇಳಿದ.

ಆಟೋದಲ್ಲಿ ಮೂರು ಜನಕ್ಕಿಂತ ಹೆಚ್ಚು ಕೂರಿಸುದಿಲ್ಲ, ನಾವು ನಾಲ್ಕು ಜನ ಮತ್ತೆ ಪೆಟ್ಟಿಗೆ, ಹಾಗಾಗಿ ಎರಡು ಆಟೋ. ಮಳೆಗೆ ಅದೂ ಕೂಡಲೇ ಸಿಗ್ಲಿಲ್ಲ. ರೆಸಾರ್ಟ್ ಮುಟ್ಟುವಾಗ ರಾತ್ರಿ ಊಟದ ಬಫೆ ಎತ್ತಿ ಆಗಿತ್ತು, ರೂಮಿಗೆ ತರ್ಸಿದ್ದಕ್ಕೆ ಬೇರೆ ಬಿಲ್. ಸೂರ್ಯಾಸ್ತ ನೋಡ್ಬೇಕು ಅಂತ ಸಮುದ್ರದ ಕಡೆಯ ರೂಮಿಗೆ ಹೆಚ್ಚು ಕೊಟ್ಟದ್ದು ಆ ದಿನಕ್ಕೆ ನೀರಿಗೆ ಹೋಯ್ತು. ಆಮೇಲೆ ಕೂತು ಲೆಕ್ಕ ಹಾಕಿದೆ, ನಾಲ್ಕು ಸೀಟಿನ ದುಡ್ಡು, ಎರಡು ಆಟೋ, ಊಟ. ಒಂದು ಒಳ್ಳೆ ಟ್ಯಾಕ್ಸಿ ಮಾಡ್ಕೊಂಡು ಬರ್ಬಹುದಿತ್ತು, ದಾರಿಯಲ್ಲಿ ಕುಂಬಳೆಯಲ್ಲಿ ನಿಲ್ಲಿಸಿ ಚಾಯ ಕುಡಿಯುವಷ್ಟು ದುಡ್ಡು ಸಹ ಉಳೀತಿತ್ತು. ಶೇರಿಂಗ್ ಅಗ್ಗ ಅನ್ನುದು ಒಬ್ಬರಿಗೆ, ಹೆಚ್ಚಂದ್ರೆ ಇಬ್ಬರಿಗೆ. ನೀವು ಅಪ್ಪ ಅಮ್ಮ ಸೇರಿ ಮೂವರೋ ನಾಲ್ವರೋ ಅಲ್ವಾ, ಸೀಟಿನ ರೇಟನ್ನು ಜನಕ್ಕೆ ಗುಣಿಸಿ ನೋಡಿ, ಟ್ಯಾಕ್ಸಿ ದುಬಾರಿ ಅನ್ನುವ ಮಾತು ಅಲ್ಲೇ ಬಿದ್ದು ಹೋಗ್ತದೆ.

ಆದ್ರೆ ನನ್ನ ಕೇಳಿದ್ರೆ ವ್ಯಾನೋ ಟ್ಯಾಕ್ಸಿಯೋ ಅನ್ನುವ ಪ್ರಶ್ನೆಯೇ ಸರಿ ಇಲ್ಲ. ಬೆಂಗಳೂರಿಂದ ಬೇಕಲಕ್ಕೆ ಫ್ಲೈಟ್ ಯಾಕೆ? ದೇವನಹಳ್ಳಿಗೆ ಹೋಗ್ಲಿಕ್ಕೇ ಅರ್ಧ ದಿನ, ಬಜಪೆಯಿಂದ ಬೇಕಲಕ್ಕೆ ಪುನಃ 70–75 ಕಿಲೋಮೀಟರ್ ರಸ್ತೆ. ಕಣ್ಣೂರಿಗೆ ಹಾರಿದ್ರೆ ಇನ್ನೂ ದೂರ, ಆ ಏರ್‌ಪೋರ್ಟ್ ಇರುದು ಒಳಗೆ ಮಟ್ಟನ್ನೂರಲ್ಲಿ. ರಾತ್ರಿ ಬೆಂಗಳೂರು–ಕಣ್ಣೂರು ಎಕ್ಸ್‌ಪ್ರೆಸ್ ಹತ್ತಿ, 16511, ಹಾಸನ, ಸುಬ್ರಹ್ಮಣ್ಯ ರೋಡ್, ಮಂಗಳೂರು ಮೇಲೆ ಬರುವುದು, ಅಪ್ಪ ಅಮ್ಮನಿಗೆ ಲೋವರ್ ಬರ್ತ್ ಮಾಡಿಸಿ, ಮಲಗಿದ್ರೆ ಬೆಳಿಗ್ಗೆ ಕಾಸರಗೋಡು. ನೆನಪಿಡಿ, ಕಣ್ಣೂರಿಗೆ ಸೇಲಂ ಮೇಲೆ ಹೋಗುವ ಟ್ರೈನ್ ಬೇರೆ ಉಂಟು, ಅದು ಕಾಸರಗೋಡಿಗೆ ಬರುದೇ ಇಲ್ಲ, ಅದನ್ನು ಬುಕ್ ಮಾಡಿ ಆಮೇಲೆ ನನಗೆ ಬೈಬೇಡಿ. ಕಾಸರಗೋಡು ಸ್ಟೇಷನ್ನಿಂದ ಕೋಟೆಗೆ ಬರೀ 16 ಕಿಲೋಮೀಟರ್ ಆಸುಪಾಸು, ಉದುಮ ಅದಕ್ಕಿಂತಲೂ ಹತ್ತಿರ. ಅಜಾನೂರಿನ ಕಡೆಯ ರೆಸಾರ್ಟಾದ್ರೆ ಕಾಞಂಗಾಡಲ್ಲೇ ಇಳೀರಿ. ಬೇಕಲ ಫೋರ್ಟ್ ಅಂತ ಸ್ಟೇಷನ್ ಉಂಟಲ್ಲ ಅಂತ ಕೇಳ್ತೀರಿ, ಉಂಟು, ಆದ್ರೆ ಅದು ಸಣ್ಣ ಸ್ಟೇಷನ್, ಹೆಚ್ಚಿನ ಎಕ್ಸ್‌ಪ್ರೆಸ್ ನಿಲ್ಲುದಿಲ್ಲ.

ಬೆಳಿಗ್ಗೆ ಬಂದ್ರೆ ಚೆಕ್ ಇನ್ ಮಧ್ಯಾಹ್ನ ತಾನೇ, ಅಲ್ಲಿವರೆಗೆ ಎಂತ ಮಾಡುದು ಅಂದ್ರೆ ಮಧೂರು ದೇವಸ್ಥಾನಕ್ಕೆ ಹೋಗಿ ಬನ್ನಿ. ಕಾಸರಗೋಡಿಂದ ಹತ್ತಿರವೇ, ಮಹಾಗಣಪತಿಗೆ ಅಪ್ಪದ ಸೇವೆ ಮಾಡಿಸಿ, ಅಪ್ಪ ಅಮ್ಮನಿಗೆ ರೆಸಾರ್ಟಿಗಿಂತ ಅದೇ ಹೆಚ್ಚು ಖುಷಿ ಆಗ್ತದೆ, ನನ್ನ ಅತ್ತೆಗೆ ಆದದ್ದೂ ಅದೇ, ಆಮೇಲೆ ನನ್ನ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಇಲ್ಲ, ಫ್ಲೈಟಲ್ಲೇ ಬರ್ತೇವೆ ಅಂತಾದ್ರೆ ಟ್ಯಾಕ್ಸಿ ಮಾಡಿ. ರೆಸಾರ್ಟಿಗೆ ಫೋನ್ ಮಾಡಿ ಪಿಕಪ್ ರೇಟ್ ಮೆಸೇಜಲ್ಲಿ ತರಿಸ್ಕೊಳ್ಳಿ, ಅದನ್ನು ಹೊರಗಿನ ಟ್ಯಾಕ್ಸಿಯವರ ರೇಟಿಗೆ ಹಿಡಿದು ನೋಡಿ. ಯಾವುದಾದ್ರೂ ಸರಿ, ತಲಪಾಡಿಯ ಟೋಲ್ ಮತ್ತೆ ರಾಜ್ಯ ದಾಟುವ ಪರ್ಮಿಟ್ಟಿನ ದುಡ್ಡು ಬಾಡಿಗೆಯಲ್ಲಿ ಸೇರಿ ಉಂಟಾ ಅಂತ ಬಾಯಿಬಿಟ್ಟು ಕೇಳಿ, ಇಲ್ಲದಿದ್ರೆ ಇಳಿಯುವಾಗ ಚರ್ಚೆ. ಡ್ರೈವರ್ ಮಂಗಳೂರಿನವನಾದ್ರೆ "ಕಾಸರಗೋಡಿಂದ ಚಂದ್ರಗಿರಿ ಮೇಲೆ ಹೋಗಿ, ಚೆರ್ಕಳ ಬೇಡ" ಅಂತ ಮೊದಲೇ ಹೇಳಿ. ಲೊಕೇಶನ್ ಕಳಿಸುವಾಗ ಊರಿನ ಹೆಸರು ಹಾಕ್ಬೇಡಿ, ರೆಸಾರ್ಟಿನ ಗೇಟಿನದ್ದೇ ಕಳಿಸಿ.

ಲಗೇಜ್ ವಿಷಯ. ವ್ಯಾನಿನವರು ಆಳಿಗೆ ಒಂದು ದೊಡ್ಡ ಪೆಟ್ಟಿಗೆ ಒಂದು ಸಣ್ಣ ಬ್ಯಾಗ್ ಅಂತ ನನಗೆ ಹೇಳಿದ್ರು, ಆದ್ರೆ ಗಲ್ಫಿನವರ ಪೆಟ್ಟಿಗೆ ಹತ್ತಿದ ಮೇಲೆ ನಮ್ಮದಕ್ಕೆ ಉಳಿದದ್ದು ನಮ್ಮ ಕಾಲಡಿಯ ಜಾಗ ಮಾತ್ರ. ನಿಮ್ಮ ಅಮ್ಮನಿಗೂ ಮೊಣಕಾಲು ನೋವು ಉಂಟಾದ್ರೆ ವ್ಯಾನಿನ ಯೋಚನೆ ಅಲ್ಲಿಗೇ ಬಿಟ್ಟುಬಿಡಿ.