ಮೂರು ಸಾವಿರ ಡಾಲರ್ ಉಳಿಸಲು ಹೋದ ಎರಡು ರಾತ್ರಿಗಳು

ಪ್ರೀತಿಯ ತಂಗಿ,

ನಿನ್ನ ಗಂಡನ ಕಚೇರಿ ಎರಡು ಆರೋಗ್ಯ ವಿಮೆಗಳ ಕಾಗದ ಕೊಟ್ಟಿದೆ, ಒಂದರ ಪ್ರೀಮಿಯಂ ಬಹಳ ಕಡಿಮೆ, ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ, ಅದೇ ಸಾಕಲ್ಲವೇ ಎಂದು ಕೇಳಿದ್ದೀಯೆ. ಕಾರು, ಚಳಿಯ ಬಟ್ಟೆಗಳ ಬಗ್ಗೆಯೂ ಕೇಳಿದ್ದೀಯೆ. ಹಳೆಯ ಕಾರು ಸಾಕು. ಬಟ್ಟೆಯನ್ನು ಅಕ್ಟೋಬರ್‌ಗೆ ಮುಂಚೆ ಕೊಂಡುಕೋ. ವಿಮೆಯ ಮಾತು ಮಾತ್ರ ಬಿಡಿಸಿ ಹೇಳಬೇಕು.

2015ರಲ್ಲಿ ಅಮೆರಿಕದ ಒಹಾಯೊಗೆ ಬಂದಾಗ ನಾವೂ ಪ್ರೀಮಿಯಂ ನೋಡಿಯೇ ಆರಿಸಿದ್ದೆವು. ಅದರ ಡಿಡಕ್ಟಿಬಲ್ 3,000 ಡಾಲರ್. ಅಂದರೆ ವರ್ಷದ ಮೊದಲ ಮೂರು ಸಾವಿರದ ಖರ್ಚು ಪೂರ್ತಿ ನಮ್ಮದು, ನಂತರದ ಪ್ರತಿ ಬಿಲ್ಲಿನಲ್ಲಿ ಶೇಕಡಾ 20 ನಮ್ಮದು. ಆ ನವೆಂಬರ್‌ನಲ್ಲಿ ಒಂದು ರಾತ್ರಿ ನಮ್ಮವರಿಗೆ ಹೊಟ್ಟೆನೋವು ಬಂತು. ಊರಿನಲ್ಲಾಗಿದ್ದರೆ ಪರಿಚಯದ ಡಾಕ್ಟರ ಬಾಗಿಲು ತಟ್ಟುತ್ತಿದ್ದೆವು, ನಿನಗೆ ಗೊತ್ತೇ ಇದೆ. ಇಲ್ಲಿ ನಾನು ಕಾಗದ, ಪೆನ್ನು ಹಿಡಿದು ಕುಳಿತೆ. ಎಮರ್ಜೆನ್ಸಿಗೆ ಹೋದರೆ ಕೂಡಿಟ್ಟದ್ದೆಲ್ಲ ಹೋಗುತ್ತದೆ, ಬೆಳಗಾಗಲಿ ಎಂದೆ. ಬೆಳಗಾದ ಮೇಲೆ ಸಂಜೆಯವರೆಗೆ ನೋಡೋಣ ಎಂದೆ. ಅವರು ನನ್ನ ಮಾತಿಗೆ ತಲೆಯಾಡಿಸಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ಎರಡನೆಯ ರಾತ್ರಿ ಕಳೆಯುವಷ್ಟರಲ್ಲಿ ಅಪೆಂಡಿಕ್ಸ್ ಒಡೆದು ಸೋಂಕು ಹೊಟ್ಟೆಯೊಳಗೆ ಹರಡಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆವು.

ಬಿಲ್ಲುಗಳು ಬಂದ ಮೇಲೆ ತಿಳಿದದ್ದು ನನ್ನನ್ನು ಇಂದಿಗೂ ಕೊರೆಯುತ್ತದೆ. ವಿಮೆಯ ಕಾಗದದಲ್ಲೇ ಇನ್ನೊಂದು ಅಂಕಿ ಇತ್ತು: ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್, ನಮಗೆ 6,000 ಡಾಲರ್. ನೆಟ್‌ವರ್ಕ್‌ನ (ವಿಮೆಯವರ ಜೊತೆ ಒಪ್ಪಂದವಿರುವ ಆಸ್ಪತ್ರೆ, ವೈದ್ಯರ) ಒಳಗಿನ ಚಿಕಿತ್ಸೆಗೆ ವರ್ಷಕ್ಕೆ ಅದಕ್ಕಿಂತ ಹೆಚ್ಚು ನಮ್ಮ ಕೈಯಿಂದ ಹೋಗುವಂತಿಲ್ಲ. ಮೊದಲ ರಾತ್ರಿಯೇ ಹೋಗಿದ್ದರೂ ಒಂದು ಸರಳ ಶಸ್ತ್ರಚಿಕಿತ್ಸೆಯ ಬಿಲ್ಲೇ ಆ ಮಿತಿಯನ್ನು ಮುಟ್ಟುತ್ತಿತ್ತು. ಕಾಯ್ದದ್ದರಿಂದ ಒಂದು ಡಾಲರ್ ಕೂಡ ಉಳಿಯಲಿಲ್ಲ, ಅವರ ನೋವು ಮಾತ್ರ ಹೆಚ್ಚಾಯಿತು.

ಡಿಡಕ್ಟಿಬಲ್ ಇರುವುದೇ ನಾವು ಹಿಂಜರಿಯಲಿ ಎಂದು. ಕೈಯಿಂದ ಹಣ ಹೋಗುತ್ತದೆ ಎಂದಾಗ ಜನ ಅನಗತ್ಯ ಚಿಕಿತ್ಸೆ ಬಿಡುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. 1970ರ ದಶಕದಲ್ಲಿ ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಇದೇ ದೇಶದಲ್ಲಿ ಸಾವಿರಾರು ಜನರಿಗೆ ಬೇರೆ ಬೇರೆ ವಿಮೆ ಕೊಟ್ಟು ವರ್ಷಗಟ್ಟಲೆ ಗಮನಿಸಿತು. ಹಣ ತೆರಬೇಕಾದವರು ಚಿಕಿತ್ಸೆ ಕಡಿಮೆ ಮಾಡಿದರು, ನಿಜ. ಆದರೆ ಬೇಕಾದದ್ದನ್ನೂ ಬೇಡದ್ದನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಿಟ್ಟರು. ಹೆಚ್ಚಿನವರ ಆರೋಗ್ಯಕ್ಕೆ ಏನೂ ಆಗಲಿಲ್ಲ, ರಕ್ತದೊತ್ತಡವಿದ್ದ ಬಡವರಿಗೆ ಪೆಟ್ಟು ಬಿತ್ತು. ಯಾವ ನೋವು ಗ್ಯಾಸು, ಯಾವುದು ಅಪೆಂಡಿಕ್ಸ್ ಎಂದು ಮನೆಯಲ್ಲಿ ಕುಳಿತವಳಿಗೆ ಹೇಗೆ ಗೊತ್ತಾಗಬೇಕು ಹೇಳು?

ಆಸ್ಪತ್ರೆಗೆ ಹಣ ಹೇಗೆ ಸಂದಾಯವಾಗುತ್ತದೆ ಎಂಬುದನ್ನೂ ತಿಳಿದಿರು. ಪರೀಕ್ಷೆಗೆ ಇಷ್ಟು ಎಂದು ಕೊಡುವಲ್ಲಿ ಪರೀಕ್ಷೆಗಳು ಹೆಚ್ಚುತ್ತವೆ. ವೃದ್ಧರ ಸರ್ಕಾರಿ ವಿಮೆ ಮೆಡಿಕೇರ್ 1983ರಿಂದ ಕೊಡುತ್ತಿರುವಂತೆ ಕಾಯಿಲೆಗೆ ಇಷ್ಟೇ ಎಂದು ನಿಗದಿಯಾದಲ್ಲಿ ಬೇಗ ಮನೆಗೆ ಕಳುಹಿಸುವ ಅವಸರ ಇರುತ್ತದೆ. ಪರೀಕ್ಷೆ ಏಕೆ ಎಂದು ಕೇಳಲು ಸಂಕೋಚ ಬೇಡ, ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಹಲ್ಲು, ಕಣ್ಣಿನ ವಿಮೆ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ವಾರ್ಷಿಕ ತಪಾಸಣೆ ನೆಟ್‌ವರ್ಕ್ ವೈದ್ಯರಲ್ಲಿ ಉಚಿತ, ತಪ್ಪಿಸಬೇಡ. ನಮಗೆ ಗೊತ್ತಿಲ್ಲದೆ ನೆಟ್‌ವರ್ಕ್‌ನ ಹೊರಗಿನವರಿಂದ ಬರುವ ಅನಿರೀಕ್ಷಿತ ಬಿಲ್ಲುಗಳ ವಿರುದ್ಧ 2022ರ ಜನವರಿಯಿಂದ ಕಾನೂನಿದೆ, ಆದರೆ ರಸ್ತೆಯ ಆ್ಯಂಬುಲೆನ್ಸ್ ಅದರ ರಕ್ಷಣೆಗೆ ಒಳಪಡುವುದಿಲ್ಲ.

ಅಗ್ಗದ ಯೋಜನೆ ತೆಗೆದುಕೊಳ್ಳಲೇಬೇಡ ಎನ್ನುವುದಿಲ್ಲ. ತೆಗೆದುಕೊಂಡರೆ, ಪ್ರೀಮಿಯಂನಲ್ಲಿ ಉಳಿದ ಹಣವನ್ನು ತಿಂಗಳು ತಿಂಗಳೂ ಬೇರೆ ಖಾತೆಗೆ ಹಾಕಿ ಆ ಗರಿಷ್ಠ ಮಿತಿಯಷ್ಟು ಕೂಡಿಸಿಡಿ. ರಾತ್ರಿ ಎರಡು ಗಂಟೆಗೆ ನಿನ್ನ ಕೈಗೆ ಪೆನ್ನು ಬರಬಾರದು, ಕಾರಿನ ಕೀಲಿ ಬರಬೇಕು. ಕೆಲಸಕ್ಕೆ ಸೇರಿದ ಮೇಲೆ ಆಯ್ಕೆಗೆ ಸಾಮಾನ್ಯವಾಗಿ 30 ದಿನಗಳಷ್ಟೇ ಅವಕಾಶ. ಎರಡೂ ಯೋಜನೆಗಳ ಸಾರಾಂಶದ ಪುಟಗಳ ಫೋಟೊ ಇಂದೇ ಕಳುಹಿಸು. ಭಾನುವಾರ ಫೋನಿನಲ್ಲಿ ಕುಳಿತು ಸಾಲು ಸಾಲಾಗಿ ಓದೋಣ.

ಇಂತಿ,
ನಿನ್ನ ಅಕ್ಕ